ಸೋಮವಾರ ಹೂಡದ ಮೋಟಾರು

ಬ್ಯಾಟರಿ ಕೆಲಸಕ್ಕೆ ಬರುವ ಹುಡುಗರು ಈಗ ಮೊದಲು ಕೇಳುವುದು ಮೀಟರು ಎಲ್ಲಿದೆ ಅಂತ. ಮೀಟರು ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ನಾವು ಕೆಲಸ ಕಲಿತ ಕಾಲಕ್ಕೆ ಬಾಗಲಕೋಟೆಯ ನಮ್ಮ ಗ್ಯಾರೇಜಿನಲ್ಲಿ ಇದ್ದದ್ದು ಒಂದು ಗಾಜಿನ ನಳಿಕೆ, ವೈರು ಜೋಡಿಸಿದ ಒಂದು ಬಲ್ಬು ಮತ್ತು ನಮ್ಮ ಗುರು ವಸ್ತಾದರ ಕಿವಿ. ನಳಿಕೆಯಿಂದ ಬ್ಯಾಟರಿಯ ಆಸಿಡ್ ಎಳೆದರೆ ಒಳಗಿನ ಗಾಜಿನ ಬುರುಡೆ ತೇಲುತ್ತಿತ್ತು. ಅದು ಮೇಲೆ ನಿಂತರೆ ಬ್ಯಾಟರಿಯ ಹೊಟ್ಟೆ ತುಂಬಿದೆ, ತಳಕ್ಕೆ ಕುಳಿತರೆ ಉಪವಾಸ. ಅಷ್ಟರ ಮೇಲೆ ನಾವು ಸಂಸಾರ ಮಾಡಿದೆವು.

ನಮ್ಮದು ವೈದಿಕರ ಮನೆತನ. ಮೆಟ್ರಿಕ್ ಆದ ಮಗ ಗ್ಯಾರೇಜಿಗೆ ಹೋಗುತ್ತಾನೆ ಅಂದಾಗ ಅಪ್ಪ ನನ್ನ ಸಂಗಡ ಮಾತು ಬಿಟ್ಟರು. ಅವ್ವ ಮಾತು ಬಿಡಲಿಲ್ಲ, ಆದರೆ ಹಿತ್ತಲ ಬಾಗಿಲಿನಿಂದಲೇ ಒಳಗೆ ಬರಬೇಕು, ಬಂದವನೇ ಸ್ನಾನ ಮಾಡಬೇಕು ಅಂತ ಕಟ್ಟು ಹಾಕಿದಳು. ಆಸಿಡ್ ಹನಿಯ ಗುಣ ಹೊಸಬರಿಗೆ ಗೊತ್ತಿರುವುದಿಲ್ಲ. ಬಿದ್ದ ದಿನ ಧೋತರ ಚೆನ್ನಾಗಿಯೇ ಇರುತ್ತದೆ. ಒಗೆಯುವ ಕಲ್ಲಿನ ಮೇಲೆ ಒಂದು ಸಲ ಬಡಿದಾಗ ತೂತುಗಳು ಕಾಣಿಸಿಕೊಳ್ಳುತ್ತವೆ. "ಈ ಧೋತರದಾಗ ಹಿಟ್ಟು ಸಾಣಿಸಬಹುದು ನೋಡು" ಅನ್ನುತ್ತಿದ್ದಳು ಅವ್ವ. ಕೆಲಸದಲ್ಲೂ ಹಾಗೆಯೇ, ಕೆಲವು ತಪ್ಪುಗಳು ಆದ ದಿನ ಕಾಣುವುದಿಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು.

ನನ್ನ ಗುರುಗಳು ದಸ್ತಗೀರ ಸಾಹೇಬರು. ಊರೆಲ್ಲ ವಸ್ತಾದ ಅನ್ನುತ್ತಿತ್ತು, ನಾವೂ ಹಾಗೆಯೇ ಕರೆಯುತ್ತಿದ್ದೆವು. ಸೈನ್ಯದ ಲಾರಿಗಳನ್ನು ರಿಪೇರಿ ಮಾಡಿ ಬಂದವರು. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ನಾನು ಸೇರಿದ ಹೊಸದರಲ್ಲಿ ಹುನಗುಂದದ ಕಡೆಯ ಒಂದು ಬಸ್ಸಿನ ಬ್ಯಾಟರಿ ಪದೇ ಪದೇ ಸತ್ತು ಬರುತ್ತಿತ್ತು. ನಾನು ಡೈನಮೋ ಬಿಚ್ಚಿ, ಬ್ರಶ್ ಬದಲಿಸಿ, ಬೆಲ್ಟು ಬಿಗಿದು ಕಳಿಸಿದೆ. ಮತ್ತೆ ಬಂತು. ವಸ್ತಾದರು ಡ್ರೈವರನನ್ನು ಕೂಡ್ರಿಸಿ ಚಹಾ ಕುಡಿಸಿದರು.

"ಬ್ಯಾಟ್ರಿಗೆ ನೀರ ಯಾವ್ದ ಹಾಕ್ತೀಯಪಾ?"

"ಬಾವೀದ್ರಿ. ಭಾಳ ಸ್ವಚ್ಛ ಐತ್ರಿ, ನಾವೂ ಅದನ್ನ ಕುಡೀತೇವಿ."

ಮನುಷ್ಯರು ಕುಡಿಯುವ ಸವಳು ಬಾವಿಯ ನೀರನ್ನು ಪ್ರೀತಿಯಿಂದ ಬ್ಯಾಟರಿಗೂ ಕುಡಿಸಿ ಒಳಗಿನ ಸೀಸದ ಪ್ಲೇಟುಗಳನ್ನು ಕೆಡಿಸಿ ಹಾಕಿದ್ದ ಪುಣ್ಯಾತ್ಮ. ಅವನು ಹೋದ ಮೇಲೆ ವಸ್ತಾದರು ನನ್ನ ಕೈಯಿಂದ ಬೋಲ್ಟು ಬಿಚ್ಚುವ ಪಾನಾ ಇಸಿದುಕೊಂಡರು. "ಶೀನಪ್ಪಾ, ಮೊದಲ ಕೇಳು, ಆಮ್ಯಾಲ ಬಿಚ್ಚು." ನಾನು ತಲೆ ಆಡಿಸಿದೆ. ತಲೆ ಆಡಿಸುವುದು ನನಗೆ ಮನೆಯಲ್ಲಿ ಮಂತ್ರದ ಸಂಗಡ ಕಲಿಸಿದ ವಿದ್ಯೆ. ಮಾತು ಒಳಗೆ ಇಳಿದಿರಲಿಲ್ಲ.

ಇಳಿದಿದ್ದರೆ ಬಸಲಿಂಗಪ್ಪನ ವಿಷಯ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನನ್ನ ಕೆಲಸದ ಕಾಲದಲ್ಲಿ ಎಷ್ಟೋ ಗಾಡಿ ಬಂದು ಹೋದವು, ಎಷ್ಟೋ ಜನ ಹೊಗಳಿದರು, ಬೈದರು. ಎಲ್ಲ ಮಸುಕಾಗಿದೆ. ಆ ಒಂದು ಮೋಟಾರು, ಆ ಒಬ್ಬ ಮನುಷ್ಯ ಮಾತ್ರ ಹಾಗೇ ಉಳಿದಿದ್ದಾರೆ.

ಊರಿನ ಅರಳೆ ವ್ಯಾಪಾರಿಗಳ ಒಂದು ಧರ್ಮಾರ್ಥ ಮಂಡಳಿ ಹಳ್ಳಿಯ ಹೆಂಗಸರ ಸಲುವಾಗಿ ಒಂದು ಸಂಚಾರಿ ದವಾಖಾನೆ ನಡೆಸುತ್ತಿತ್ತು. ಹಳೆಯ ಸೈನ್ಯದ ಲಾರಿಯ ಮೇಲೆ ಬಡಿಗೇರರಿಂದ ಕಟ್ಟಿಗೆಯ ಕೋಣೆ ಕಟ್ಟಿಸಿದ್ದರು. ಒಳಗೆ ಮಂಚ, ಕಪಾಟು, ತಪಾಸಣೆಯ ಮೇಜು, ನೀರಿನ ಡ್ರಮ್ಮು, ಕಿಟಕಿಗೆ ಪರದೆ, ಎರಡು ದೀಪ, ಒಂದು ಫ್ಯಾನು. ಡಾಕ್ಟರು ಕಮಲಾಬಾಯಿಯವರು ವಾರಗಟ್ಟಲೆ ಅದರಲ್ಲೇ ಇರುತ್ತಿದ್ದರು. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಬಾಣಂತನ. ಹಳ್ಳಿಯವರು ಅದಕ್ಕೆ 'ಮನಿ ಮೋಟಾರು' ಅಂತ ಹೆಸರಿಟ್ಟಿದ್ದರು. ಅದಕ್ಕೆ ಎರಡು ಬ್ಯಾಟರಿ. ಒಂದು ಇಂಜಿನ್ ಹೊರಡಿಸಲು, ಅದು 'ಗಾಡಿ ಬ್ಯಾಟ್ರಿ'. ಇನ್ನೊಂದು ಕೋಣೆಯ ದೀಪ ಮತ್ತು ಫ್ಯಾನಿಗೆ, ಅದು 'ಮನಿ ಬ್ಯಾಟ್ರಿ'. ಗಾಡಿ ಓಡುವಾಗ ಡೈನಮೋ ಎರಡನ್ನೂ ತುಂಬಿಸಬೇಕು. ನಿಂತಾಗ ಡ್ರೈವರು ಒಂದು ಸ್ವಿಚ್ಚು ಎಳೆದು ಎರಡನ್ನೂ ಬೇರೆ ಮಾಡಬೇಕು, ಇಲ್ಲದಿದ್ದರೆ ರಾತ್ರಿಯ ದೀಪ ಬೆಳಗಿನ ಇಂಜಿನ್ನಿನ ಅನ್ನ ತಿಂದುಬಿಡುತ್ತದೆ.

ಆ ಮೋಟಾರಿನ ಡ್ರೈವರು ಬಸಲಿಂಗಪ್ಪ. ಹುನಗುಂದ ತಾಲೂಕಿನ ಒಕ್ಕಲುತನದ ಮನೆಯವನು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ತೊಳೆದ ಅಂಗಿ. ಗಾಡಿಯನ್ನು ದಿನಾ ತೊಳೆದು ಒರೆಸುತ್ತಿದ್ದ. ಗೇರು ಹಾಕುವಾಗ ಸದ್ದು ಬಂದರೆ ತಾನೇ ತಪ್ಪು ಮಾಡಿದವನಂತೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅಂಥ ಡ್ರೈವರನನ್ನು ನಾನು ಮುಂದೆ ನೋಡಲಿಲ್ಲ.

ರೋಗ ಏನೆಂದರೆ, ಮನಿ ಬ್ಯಾಟ್ರಿ ನಿಲ್ಲುತ್ತಿರಲಿಲ್ಲ. ದೀಪ ಕೆಂಪಗಾಗಿ ಕಣ್ಣು ಮುಚ್ಚುತ್ತಿತ್ತು, ಫ್ಯಾನು ನಿಂತುಹೋಗುತ್ತಿತ್ತು. ನಾನು ಡೈನಮೋ ಬಿಚ್ಚಿದೆ, ಸರಿಯಿತ್ತು. ಡೈನಮೋದಿಂದ ಬರುವ ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುವ ಕಟ್ಔಟಿನ ಮುಳ್ಳು ಉಜ್ಜಿದೆ. ಬೆಲ್ಟು ಬಿಗಿದೆ. ಟರ್ಮಿನಲ್ಲಿನ ಹಸಿರು ಕಿಲುಬು ಕೆರೆದು ಗ್ರೀಸು ಹಚ್ಚಿದೆ. ಕೋಣೆಗೆ ಹೋಗುವ ವೈರು ತೆಳುವಾಯಿತೆಂದು ದಪ್ಪ ವೈರು ಎಳೆದೆ. ಪ್ರತಿ ಸಲವೂ ಗಾಡಿ ಗ್ಯಾರೇಜಿನಿಂದ ಹೋದಾಗ ದೀಪ ಹಾಲಿನಂತೆ ಬೆಳಗುತ್ತಿತ್ತು. ನಾನು ಎದೆಯುಬ್ಬಿಸುತ್ತಿದ್ದೆ. ಎದೆಯುಬ್ಬಿಸುವಂಥದ್ದು ಏನೂ ಇರಲಿಲ್ಲ. ರಿಪೇರಿಗೆ ಬಂದಾಗಲೆಲ್ಲ ನಾವು ಬ್ಯಾಟರಿಯನ್ನು ಗ್ಯಾರೇಜಿನ ಚಾರ್ಜರಿಗೆ ಹಾಕಿ ತುಂಬಿಸಿಯೇ ಕಳಿಸುತ್ತಿದ್ದೆವು. ಉಂಡು ಹೋದವನು ಒಂದಿಷ್ಟು ದಿನ ಗಟ್ಟಿಯಾಗಿಯೇ ಇರುತ್ತಾನೆ. ನಾನು ಅದನ್ನು ನನ್ನ ಔಷಧದ ಗುಣ ಅಂದುಕೊಂಡಿದ್ದೆ. ಹೊಸ ಹುಡುಗರು ಇದೊಂದನ್ನು ನೆನಪಿಡಬೇಕು. ತುಂಬಿಸಿ ಕಳಿಸಿದ ಬ್ಯಾಟರಿ ನಿಮ್ಮ ರಿಪೇರಿಯ ಬಗ್ಗೆ ಏನೂ ಹೇಳುವುದಿಲ್ಲ.

ಅರೆಹೊಟ್ಟೆಯಲ್ಲಿ ದುಡಿದ ಆ ಬ್ಯಾಟರಿಯ ಪ್ಲೇಟುಗಳು ಬೆಳ್ಳಗೆ ಸುಣ್ಣ ಹಿಡಿದಂತಾಗಿ ಕೆಟ್ಟವು. ಹೊಸದು ಹಾಕಿದರು. ಅದೂ ಅದೇ ದಾರಿ ಹಿಡಿಯಿತು. ಒಂದು ಸಂಜೆ ಇಳಕಲ್ಲಿನ ಹತ್ತಿರ ಒಬ್ಬಳ ಹೆರಿಗೆ ಮುಗಿಸಿ ಹೊಲಿಗೆ ಹಾಕುವಾಗ ದೀಪ ಆರಿತು. ಕಮಲಾಬಾಯಿಯವರು ಕಂದೀಲು ಹಿಡಿಸಿಕೊಂಡು ಕೆಲಸ ಮುಗಿಸಿದರು. ಆ ವಾರ ಗ್ಯಾರೇಜಿಗೆ ತಾವೇ ಬಂದರು.

"ಶೀನಪ್ಪ, ನಾ ನಿಮಗ ಬೈಲಿಕ್ಕೆ ಬಂದಿಲ್ಲ. ಮಂಡಳಿ ಸೆಕ್ರೆಟರಿಯವರು ಈ ಗಾಡಿ ಮಾರಿ ನನ್ನ ಊರಾಗ ಕೂಡಸ್ತೇನಿ ಅನ್ನಲಿಕ್ಕತ್ತಾರ. ಊರಾಗ ಕೂತರ ಆ ಹೆಣ್ಮಕ್ಕಳು ನನ್ನ ಹತ್ರ ಬರೂದಿಲ್ಲ. ಗಂಡಸರು ಕರಕೊಂಡು ಬರೂದಿಲ್ಲ."

ನನಗೆ ನಾಚಿಕೆಯಾಯಿತು. ವಸ್ತಾದರು ಬಾಯಿಯ ಎಲೆ ಉಗಿದು ಬಂದು ಹೇಳಿದರು: "ಇಂವನ್ನ ಒಂದ ವಾರ ಗಾಡಿ ಸಂಗಾಟ ಕರಕೊಂಡ ಹೋಗ್ರಿ ಅಕ್ಕಾರ. ಪಾನಾ ಇಲ್ಲೇ ಇಟ್ಟ ಬರ್ತಾನ." ಹೊರಡುವ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು ಮತ್ತೊಂದು ಮಾತು ಹೇಳಿದರು. "ಏನ ಸಿಕ್ಕರೂ ಮೊದಲ ನನಗ ಹೇಳು." ಅವರಿಗೆ ಆಗಲೇ ಏನೋ ವಾಸನೆ ಹತ್ತಿತ್ತು ಅಂತ ನನಗೆ ಈಗ ಅನಿಸುತ್ತದೆ.

ಕೆರೂರಿನ ಮೇಲೆ ಬಾದಾಮಿಗೆ ಹೋದೆವು, ಅಲ್ಲಿಂದ ಹುನಗುಂದದ ಕಡೆಗೆ ತಿರುಗಿದೆವು. ನಾನು ಬಸಲಿಂಗಪ್ಪನ ಮಗ್ಗುಲಲ್ಲಿ ಕುಳಿತು ಡೈನಮೋದ ಚಾರ್ಜು ತೋರಿಸುವ ಕಾಟೆಯನ್ನೇ ನೋಡುತ್ತಿದ್ದೆ. ಗಾಡಿ ಓಡುವಾಗ ಕಾಟೆ ಸರಿಯಾಗಿ ಚಾರ್ಜಿನ ಕಡೆಗೆ ವಾಲುತ್ತಿತ್ತು. ನಿಂತ ಕೂಡಲೇ ಅವನು ಸ್ವಿಚ್ಚು ಎಳೆಯುತ್ತಿದ್ದ, ಒಮ್ಮೆಯೂ ಮರೆಯಲಿಲ್ಲ. ದಿನದಿಂದ ದಿನಕ್ಕೆ ನಳಿಕೆಯ ಬುರುಡೆ ಮೇಲೇರುತ್ತಿತ್ತು. ಎಲ್ಲವೂ ಸರಿಯಿದ್ದದ್ದೇ ನನಗೆ ಸಿಟ್ಟು ತರಿಸಿತು. ಭಾನುವಾರ ಸಂಜೆ ರಾಮಥಾಳಕ್ಕೆ ಬಂದು ಬೇವಿನ ಮರದ ಕೆಳಗೆ ನಿಂತೆವು.

ಮರುದಿನ ಎದ್ದು ನೋಡಿದರೆ ಜಾತ್ರೆಯಂತೆ ಹೆಂಗಸರು. ಸುತ್ತಲಿನ ಹಳ್ಳಿಗಳಿಂದ ಮಕ್ಕಳನ್ನು ಬಗಲಿಗೆತ್ತಿಕೊಂಡು ಬಂದಿದ್ದರು. ಬಿಸಿಲಿಗೆ ಕಟ್ಟಿಗೆಯ ಕೋಣೆ ಕುದಿಯುತ್ತಿತ್ತು. ಪರದೆ ಎಳೆದದ್ದರಿಂದ ಹಗಲಲ್ಲೇ ದೀಪ ಬೇಕು, ಫ್ಯಾನು ಒಂದು ಗಳಿಗೆ ನಿಲ್ಲುವಂತಿರಲಿಲ್ಲ. ಬಸಲಿಂಗಪ್ಪ ಮಿಂದು, ಪೂಜೆ ಮುಗಿಸಿ, ಗಾಡಿಯ ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಒಂದು ಬಿಲ್ವದ ಎಲೆ ಇಟ್ಟು ನೆರಳಿಗೆ ಕುಳಿತಿದ್ದ.

"ಬಸಲಿಂಗಪ್ಪ, ಇಂಜಿನ್ ಸ್ವಲ್ಪ ಚಾಲೂ ಮಾಡು. ಫ್ಯಾನು ನಡದಾಗ ಚಾರ್ಜು ಎಷ್ಟು ಬರತದ ನೋಡೋಣು."

"ಇವತ್ತ ಸೋಮವಾರಲ್ರಿ."

"ಹೌದು. ಅದಕ್ಕೇನು?"

"ಸೋಮವಾರ ಹೂಡೂದಿಲ್ರಿ."

ನಾನು ನಕ್ಕೆ. ಅವನು ನಗಲಿಲ್ಲ. ಆಮೇಲೆ ಸುತ್ತ ನೋಡಿದೆ. ಊರ ಎತ್ತುಗಳೆಲ್ಲ ಮೈತೊಳೆಸಿಕೊಂಡು ಮೆಲುಕು ಹಾಕುತ್ತ ನಿಂತಿದ್ದವು. ಸೋಮವಾರ ಬಸವಣ್ಣನ ವಾರ, ಆ ದಿನ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಹೊಲದ ಕೆಲಸ ಇಲ್ಲದ್ದರಿಂದಲೇ ಅಷ್ಟೊಂದು ಹೆಂಗಸರಿಗೆ ದವಾಖಾನೆಗೆ ಬರಲು ಬಿಡುವು. ವಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಫ್ಯಾನು, ದೀಪ ಬೇಕಾದ ದಿನವೇ ಇಂಜಿನ್ನಿಗೆ ರಜೆ. ಆರು ದಿನ ತುಂಬಿಸಿದ್ದು ಒಂದೇ ದಿನದಲ್ಲಿ ತಳಕ್ಕೆ. ಮಂಗಳವಾರದಿಂದ ಮತ್ತೆ ಹಸಿದ ಹೊಟ್ಟೆ.

"ಇದನ್ನ ಯಾರಿಗೂ ಯಾಕ ಹೇಳಲಿಲ್ಲೋ ಮಾರಾಯಾ?"

"ಯಾರೂ ಕೇಳಲಿಲ್ರಿ. ಸೋಮವಾರ ಒಂದ ಊರಾಗ ನಿಂದ್ರೂ ಹಂಗ ಊರೂರ ತಿರಗೂ ಫೇರಿ ನಾನ ಹಚ್ಚೇನಿ. ಅಕ್ಕಾರಿಗೆ ಮಂದೀನೂ ಭಾಳ ಬರ್ತಾರಂತ ಅವರೂ ಖುಷಿ ಇದ್ರು." ತಾನೇ ಮುಂದುವರಿಸಿದ. "ಡ್ರೈವರಕಿ ಕಲೀಲಾಕ ನಮ್ಮ ಎತ್ತಿನ ಜೋಡಿ ಮಾರಿದ್ವಿ. ನಮ್ಮಪ್ಪ ಹಾಸಿಗಿ ಹಿಡದಿದ್ದ. ನನ್ನ ಕೈಯಾಗ ಲಿಂಗ ಹಿಡಿಸಿ ಅಂದ, ಎತ್ತ ಮಾರಿದಿ, ಮಾರು. ಸೋಮವಾರ ಮಾರಬ್ಯಾಡ. ಅದೊಂದ ಮಾತ ಕೊಟ್ಟೇನ್ರಿ."

"ಯಾರರೆ ಸಾಯೂ ಹಂಗಿದ್ರ?"

"ಜೀವದ ಮಾತಿದ್ರ ಹೊಡೀತೇನ್ರಿ. ಹೋದ ವರ್ಷ ಒಬ್ಬಾಕಿ ಬಾಣಂತೀನ ಬಾಗಲಕೋಟಿಗೆ ಒಯ್ದೆ. ಬಸವಣ್ಣಗ ತಪ್ಪ ಒಪ್ಪಿಸೀನಿ. ಫ್ಯಾನಿನ ಸಲುವಾಗಿ ಹೆಂಗ ಹೊಡೀಲ್ರಿ?"

ನಮ್ಮ ಮನೆಯಲ್ಲಿ ಏಕಾದಶಿಗೆ ಒಲೆ ಹೊತ್ತಿಸುತ್ತಿರಲಿಲ್ಲ. ಹಸಿವೆಯಿಂದ ಅತ್ತರೂ ಅವ್ವ ಒಂದು ಅಗಳು ಅನ್ನ ಬೇಯಿಸುತ್ತಿರಲಿಲ್ಲ, ಅದೇಕೆ ಎಂದು ನಾವು ಕೇಳುತ್ತಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದ ನನಗೆ ಅವನ ಸೋಮವಾರ ಬೇರೆ ಯಾರಿಗಿಂತ ಬೇಗ ತಿಳಿಯಬೇಕಿತ್ತು. ಆದರೆ ಅವತ್ತು ನನ್ನ ತಲೆಯ ತುಂಬ ಒಂದೇ ಸಂಭ್ರಮ, ರೋಗ ಸಿಕ್ಕಿತು ಅಂತ. ರೋಗ ಸಿಕ್ಕ ಖುಷಿಯಲ್ಲಿ ರೋಗಿಯ ಮುಖ ನೋಡುವುದನ್ನು ಮರೆತೆ.

ಬಾಗಲಕೋಟೆಗೆ ಮರಳಿದಾಗ ಮಂಡಳಿಯ ಸೆಕ್ರೆಟರಿಯವರು ಗ್ಯಾರೇಜಿನಲ್ಲೇ ಕುಳಿತಿದ್ದರು. ವಸ್ತಾದರು ನನ್ನನ್ನು ನೋಡಿದವರೇ "ಕೈಕಾಲ ತೊಳಕೊಂಡ ಬಾ, ಆಮ್ಯಾಲ ಮಾತಾಡೋಣು" ಅಂದರು. ಕಣ್ಣಲ್ಲೂ ಅದನ್ನೇ ಹೇಳಿದರು. ನನಗೆ ತಡೆಯಲಾಗಲಿಲ್ಲ. ನಿಂತ ಕಾಲಿನಲ್ಲೇ ಎಲ್ಲ ಹೇಳಿಬಿಟ್ಟೆ, ವಿಭೂತಿ, ಬಿಲ್ವದ ಎಲೆ ಸಹಿತ, ಒಂದಿಷ್ಟು ನಗೆ ಸೇರಿಸಿ. ಸೆಕ್ರೆಟರಿಯವರೂ ನಕ್ಕರು. ಅವರು ಕೆಟ್ಟವರಲ್ಲ, ತಾವೂ ಸೋಮವಾರ ಒಪ್ಪೊತ್ತು ಮಾಡುವವರು.

"ಸೋಮವಾರ ನಾವೂ ಮಾಡ್ತೇವಿ. ಕಬ್ಬಿಣಕ್ಕ ಯಾವ ಸೋಮವಾರರಿ? ಮುಂಜಾನಿ ಒಂದ ತಾಸ, ಸಂಜಿಗೆ ಒಂದ ತಾಸ ನಿಂತಲ್ಲೇ ಇಂಜಿನ್ ಚಾಲೂ ಇಡ್ಲಿ. ಗಾಡಿ ಅಂತೂ ಓಡೂದಿಲ್ಲಲ್ಲ." ಹೀಗೆ ಹುಕುಂ ಆಯಿತು. ವಸ್ತಾದರು ಎಲೆಯ ಚಂಚಿ ಬಿಚ್ಚಿದರು, ಮತ್ತೆ ಹಾಗೇ ಕಟ್ಟಿಟ್ಟರು.

ಮುಂದಿನ ಸೋಮವಾರ ಹುನಗುಂದದ ಆಚೆಯ ಒಂದು ಹಳ್ಳಿಯಲ್ಲಿ ಗಾಡಿ ನಿಂತಿತ್ತು. ಹುಕುಂ ಪ್ರಕಾರ ಚಾರ್ಜು ಆಗುತ್ತದೋ ಇಲ್ಲವೋ ನೋಡಿ ಬರಲು ನನ್ನನ್ನೇ ಕಳಿಸಿದ್ದರು. ಬಸಲಿಂಗಪ್ಪ ಬಾನೆಟ್ಟಿಗೆ ಅವತ್ತು ವಿಭೂತಿ ಹಚ್ಚಿರಲಿಲ್ಲ. ಕೀಲಿ ತಿರುವಿ ಇಂಜಿನ್ ಚಾಲೂ ಮಾಡಿದ. ಆ ಸದ್ದಿಗೆ ಕಟ್ಟೆಯ ಮೇಲಿದ್ದ ಮುದುಕರು ತಿರುಗಿ ನೋಡಿದರು. ಅವನು ಕೆಳಗಿಳಿದು ದೂರ ಹೋಗಿ, ಗಾಡಿಗೆ ಬೆನ್ನು ಮಾಡಿ ಕುಳಿತ. ಕಾಟೆ ಚಾರ್ಜಿಗೆ ವಾಲಿತು. ನನ್ನ ಲೆಕ್ಕ ಸರಿಯಿತ್ತು. ಸಂಜೆಯೂ ಹಾಗೆಯೇ ಮಾಡಿದ. ಬುರುಡೆ ಎತ್ತರಕ್ಕೆ ತೇಲಿತು, ಆ ಮೋಟಾರಿನ ಜೀವಮಾನದಲ್ಲಿ ಮೊದಲ ಸಲ ಸೋಮವಾರ ಸಂಜೆ ಮನಿ ಬ್ಯಾಟ್ರಿ ತುಂಬಿತ್ತು. ನಾನು ಅದನ್ನು ತೋರಿಸಬೇಕೆಂದು ತಿರುಗಿದಾಗ ಅವನು ಮೆಟ್ಟಿಲ ಹತ್ತಿರ ಕಮಲಾಬಾಯಿಯವರ ಮುಂದೆ ಕೀಲಿ ಹಿಡಿದು ನಿಂತು ಹೇಳುತ್ತಿದ್ದ.

"ಬಾಗಲಕೋಟಿ ಮಟ ಗಾಡಿ ಮುಟ್ಟಸ್ತೇನ್ರಿ ಅಕ್ಕಾರ. ಆಮ್ಯಾಲ ನನ್ನ ಕೈಲೆ ಆಗೂದಿಲ್ರಿ."

"ಬಸಲಿಂಗಪ್ಪ, ನಾ ಸೆಕ್ರೆಟರಿಯವರಿಗೆ ಹೇಳತೇನಿ. ನೀ ಅವಸರ ಮಾಡಬ್ಯಾಡ."

"ಅವರದೇನ ತಪ್ಪರಿ. ದೀಪ ಹತ್ತಬೇಕಲ್ರಿ."

ಕಮಲಾಬಾಯಿಯವರು ಹೇಳಿದರು, ಸೆಕ್ರೆಟರಿಯವರು ಕೇಳಲಿಲ್ಲ. ಒಬ್ಬನಿಗೆ ಸೋಮವಾರ ಬಿಟ್ಟರೆ ಇನ್ನೊಬ್ಬ ಶುಕ್ರವಾರ ಕೇಳುತ್ತಾನೆ ಅಂದರಂತೆ. ಬಸಲಿಂಗಪ್ಪ ಗಾಡಿ ತೊಳೆದು, ಸೀಟಿನ ಕೆಳಗಿನ ತನ್ನ ಕಂಬಳಿ ಎತ್ತಿಕೊಂಡು ಹೋದ. ನನಗೂ ಬರ್ತೇನ್ರಿ ಅಂತ ಹೇಳಿಯೇ ಹೋದ.

ಅವನು ಹೋದ ಮೇಲೆ ವಸ್ತಾದರು ನನ್ನನ್ನು ಗ್ಯಾರೇಜಿನ ಮೂಲೆಗೆ ಕರೆದೊಯ್ದರು. ಅಲ್ಲಿ ಗೋಣಿ ಮುಚ್ಚಿದ ಒಂದು ಬ್ಯಾಟರಿ ಇತ್ತು. ಯಾವುದೋ ಲಾರಿಯದು, ಚೆನ್ನಾಗಿಯೇ ಇದ್ದದ್ದು.

"ಇದನ್ನ ತುಂಬಿಸಿ ಐತವಾರ ಬಸ್ಸಿನ ಮ್ಯಾಲ ಕಳಸೋದು. ಸೋಮವಾರ ಇದರ ಮ್ಯಾಲ ಫ್ಯಾನ ನಡಸೋದು. ಮಂಗಳವಾರ ಖಾಲೀದ ವಾಪಸ ತರಸೋದು. ಅಂವ ಸೋಮವಾರ ಗಾಡಿ ಹೂಡೂದಿಲ್ಲಂತ ನನಗ ಸಂಶೇ ಇತ್ತು. ನೀ ಬರೂದರಾಗ ನಾ ಹಿಂಗ ಅಂತ ವಿಚಾರ ಮಾಡಿ ಇಟ್ಟಿದ್ದೆ."

"ಮೊದಲ ಯಾಕ ಹೇಳಲಿಲ್ರಿ ವಸ್ತಾದ?"

"ಹುಕುಂ ಆದ ಮ್ಯಾಲ ಹೇಳಿದ್ರ ಅವರು ಕೇಳತಿದ್ರೇನು? ಅದಕ್ಕ ಮೊದಲ ನನಗ ಹೇಳು ಅಂದಿದ್ನಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವರು ಗೋಣಿಯನ್ನು ಮತ್ತೆ ಸರಿಯಾಗಿ ಹೊದಿಸಿ ಕೆಲಸಕ್ಕೆ ಹೋದರು. ಇಷ್ಟು ಸುಲಭದ ದಾರಿ ನನಗೆ ಹೊಳೆಯಲಿಲ್ಲ, ಹೊಳೆಯುವಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿರಲೂ ಇಲ್ಲ. ಆ ಸಂಕಟ ಇವತ್ತಿಗೂ ಕಡಿಮೆಯಾಗಿಲ್ಲ.

ಆಮೇಲೆ ಮನಿ ಮೋಟಾರಿಗೆ ಡ್ರೈವರುಗಳು ಬಂದರು, ಹೋದರು. ಸೋಮವಾರ ಇಂಜಿನ್ ನಡೆಸಲು ಅವರಲ್ಲಿ ಯಾರಿಗೂ ಅಡ್ಡಿಯಿರಲಿಲ್ಲ. ಬೇರೆ ಯಾವ ಕೆಲಸಕ್ಕೂ ಮನಸ್ಸಿರಲಿಲ್ಲ. ಒಬ್ಬ ಸ್ವಿಚ್ಚು ಎಳೆಯುವುದನ್ನೇ ಮರೆಯುತ್ತಿದ್ದ, ಎರಡೂ ಬ್ಯಾಟರಿ ಒಟ್ಟಿಗೆ ಸತ್ತು ಗಾಡಿ ಹಳ್ಳಿಯಲ್ಲೇ ಕೂರುತ್ತಿತ್ತು. ಇನ್ನೊಬ್ಬ ರೇಡಿಯೇಟರಿಗೆ ನೀರು ಹಾಕದೆ ಇಂಜಿನ್ ಸುಟ್ಟ. ಮಂಡಳಿಯವರು ಬೇಸತ್ತು ಮೋಟಾರು ಮಾರಿದರು. ಕಟ್ಟಿಗೆಯ ಕೋಣೆಯನ್ನು ಕೆರೂರಿನಲ್ಲಿ ಯಾರೋ ಕೊಂಡು ಚಹಾದ ಅಂಗಡಿ ಮಾಡಿದರು. ಕಿಟಕಿಗೆ ಅದೇ ಪರದೆ ಇತ್ತು, ನಾನು ನೋಡಿದ್ದೇನೆ. ಆ ಅಂಗಡಿಯಲ್ಲಿ ಚಹಾ ಕುಡಿಯಲು ನನಗಾಗಲಿಲ್ಲ. ಕಮಲಾಬಾಯಿಯವರು ಊರ ದವಾಖಾನೆಯಲ್ಲಿ ಕೆಲವು ದಿನ ಕುಳಿತು, ಹೆಂಗಸರು ಬಾರದ್ದನ್ನು ನೋಡಿ, ಧಾರವಾಡದ ಕಡೆಗೆ ಹೊರಟುಹೋದರು.

ಇದಾದ ಮೇಲೆ ಒಮ್ಮೆ ರಾಮಥಾಳದ ದಾರಿಯಲ್ಲಿ ಕೆಟ್ಟು ನಿಂತ ಒಂದು ಲಾರಿಯನ್ನು ನೋಡಲು ಗ್ಯಾರೇಜಿನ ಜೀಪು ತೆಗೆದುಕೊಂಡು ಹೋದೆ. ಕೆಲಸ ಬೇಗ ಮುಗಿಯಿತು. ಬಸಲಿಂಗಪ್ಪನ ಊರು ಅಲ್ಲಿಗೆ ಹತ್ತಿರ. ಹೋಗಲೋ ಬೇಡವೋ ಅನ್ನುತ್ತಲೇ ಹೋದೆ. ಅವನು ಅಂಗಳದಲ್ಲಿ ಒಂದು ಜೋಡಿ ಎತ್ತಿನ ಮೈ ಉಜ್ಜುತ್ತಿದ್ದ. ಆಗಲೇ ನನಗೆ ನೆನಪಾದದ್ದು, ಅವತ್ತು ಸೋಮವಾರ.

"ಶೀನಪ್ಪನೋರು" ಅಂದ. ಮುಖದಲ್ಲಿ ಹಳೆಯದು ಯಾವುದೂ ಇರಲಿಲ್ಲ. ಬಂದು ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ. "ಭಾಳ ಕಾದೈತ್ರಿ. ನೀರ ಕುಡಸ್ರಿ ಮೊದಲ." ತಾನೇ ಕೊಡ ತಂದು ರೇಡಿಯೇಟರಿಗೆ ಸುರಿದ. ಉಳಿದ ನೀರನ್ನು ನಾಲ್ಕೂ ಗಾಲಿಗೆ ಹಾಕಿ ಧೂಳು ತೊಳೆದ. ಅವನ ಹೆಂಡತಿ ರೊಟ್ಟಿ, ಝುಣಕ ತಂದಿಟ್ಟಳು. ಮಳೆ, ಬೆಳೆ, ವಸ್ತಾದರ ಮೊಣಕಾಲು ನೋವು, ಎಲ್ಲ ಮಾತಾಡಿದೆವು. ಕೈತೊಳೆಯುವಾಗ ಅವನು ಚೊಂಬು ಹಿಡಿದು ನೀರು ಹಾಕುತ್ತ ಕೇಳಿದ.

"ಮನಿ ಮೋಟಾರದಾಗ ದೀಪ ಚಲೋ ಹತ್ತತಾವಲ್ರಿ ಈಗ?"

ನಾನು ಇನ್ನೊಮ್ಮೆ ಬೊಗಸೆ ಒಡ್ಡಿದೆ, ಅವನೇ ಮುಂದುವರಿಸಿದ.

"ಯಾಕಂದ್ರ, ನನಗೂ ಕೆಟ್ಟ ಅನಸ್ತಿತ್ರಿ. ನನ್ನ ಸೋಮವಾರದ ಸಲುವಾಗಿ ಅಕ್ಕಾರು ಕತ್ತಲದಾಗ ಹೊಲಿಗಿ ಹಾಕೂ ಹಂಗಾತಲ್ಲ ಅಂತ. ನಾ ಬಿಟ್ಟಿದ್ದಕ್ಕ ದೀಪರೆ ಹತ್ತಿದ್ವಲ್ಲ, ಅಷ್ಟ ಸಾಕ ಅನ್ಕೋತೇನಿ."

ಬ್ಯಾಟರಿಯ ವಿಷಯದಲ್ಲಿ ನಾನು ಯಾವ ಗಿರಾಕಿಗೂ ಸುಳ್ಳು ಹೇಳಿದವನಲ್ಲ. ಸತ್ತದ್ದನ್ನು ಸತ್ತಿದೆ ಅಂತಲೇ ಹೇಳಿದ್ದೇನೆ. ಅವತ್ತು ಅವನ ಮುಖ ನೋಡಿಕೊಂಡು, "ಹತ್ತತಾವ ಬಸಲಿಂಗಪ್ಪ, ಭಾಳ ಚಲೋ ಹತ್ತತಾವ" ಅಂದೆ.

ಅವನಿಗೆ ಸಮಾಧಾನವಾಯಿತು. ಒಳಗೆ ಹೋಗಿ ವಿಭೂತಿ ತಂದು ಎತ್ತುಗಳ ಹಣೆಗೆ ಹಚ್ಚಿದ. ಜೀಪಿನ ಹತ್ತಿರ ಬಂದವನು ನನ್ನ ಕಡೆ ನೋಡಿದ, ಹಚ್ಚಲೋ ಬೇಡವೋ ಅನ್ನುವಂತೆ. ನಾನು ಹಚ್ಚು ಅಂದೆ. ಗ್ಯಾರೇಜಿನಲ್ಲಿ ಕೆಲಸ ಕಾದಿತ್ತು, ಸಂಜೆಯೊಳಗೆ ಬರುತ್ತೇನೆ ಅಂತ ವಸ್ತಾದರಿಗೆ ಹೇಳಿ ಬಂದಿದ್ದೆ. ಜೀಪಿನ ಕೀಲಿಯನ್ನು ಕಿಸೆಗೆ ಹಾಕಿಕೊಂಡು ಅವನ ಕಟ್ಟೆಯ ಮೇಲೆ ಕುಳಿತೆ. ಮಂಗಳವಾರ ಬೆಳಗಾದ ಮೇಲೆ ಹೊರಟೆ.